‘ನಾವು’ ಎಂದರೆ ತೆರೆಯುವ ಬಾಗಿಲು

ಭಾನುವಾರ, ತಾರೀಖು ಹದಿನಾಲ್ಕು.

ಛೇ, ‘ನಾನು’ ಅಂದುಬಿಟ್ಟೆನಲ್ಲ! ಇನ್ನೂ ಕಿವಿ ಬಿಸಿಯಾಗಿದೆ.

ಚಿಕ್ಕಂದಿನಲ್ಲಿ ಹಾಳೆ ಹರಿಯುವವರೆಗೆ ಓದಿದ ದೈತ್ಯನ ಕೋಟೆಯ ಕತೆಯ ಲೋಕವನ್ನೇ ಉದ್ಯಾನವಾಗಿ ಕಟ್ಟಿದ್ದಾರೆ. ಅಕ್ಕ ಟಿಕೆಟ್ ತಂದಾಗ, ಅಲ್ಲಿ ವೇಷ ತೊಟ್ಟು ದುಡಿಯುವವರಿಗೆ ನಮ್ಮ ಕಾರ್ಮಿಕ ಸಂಘದ, ವಿರಾಮದ ಹಕ್ಕಿನ ಕರಪತ್ರ ಹಂಚಲಷ್ಟೇ ಬರುತ್ತೇನೆ ಎಂದಿದ್ದೆ. ಒಳಗೆ ತೇಲುವ ದೀಪಗಳನ್ನು ಕಂಡದ್ದೇ ತಡ, ಕರಪತ್ರ ಮರೆತು ಓಡಿದೆ.

ಕೋಟೆ ಬಾಗಿಲಲ್ಲಿ ದೈತ್ಯ ಗುಡುಗಿದ: “ಯಾರದು?”

ಕತೆಯಲ್ಲಿ ‘ನಾವು’ ಎಂದರೆ ಮಾತ್ರ ಬಾಗಿಲು ತೆರೆಯುತ್ತದೆ. ನನಗದು ಕಂಠಪಾಠ. ಆದರೂ ಸಂಭ್ರಮದಲ್ಲಿ ಕಿರುಚಿದೆ: “ನಾನು!”

ಅಕ್ಕ ಬಿದ್ದು ಬಿದ್ದು ನಕ್ಕಳು. “ಮನೇಲಿ ಮೂರು ಹೊತ್ತೂ ನಾವು, ನಾವು ಅಂತ ಭಾಷಣ. ಇಲ್ಲಿ ನೋಡಿದ್ರೆ ನಾನಂತೆ, ನಾನು!”

ಮುಖವಾಡದೊಳಗಿಂದ ದೈತ್ಯ ಪಿಸುಗುಟ್ಟಿದ: “ಇನ್ನೊಂದ್ಸಲ ಹೇಳು ತಂಗಿ, ತೆಗೀತೀನಿ.”

ಸಾಲಿನಲ್ಲಿದ್ದವರೆಲ್ಲ ನನ್ನೊಂದಿಗೆ “ನಾವು!” ಎಂದು ಕೂಗಿದರು. ಬಾಗಿಲು ತೆರೆಯಿತು. ಮೈ ಜುಮ್ಮೆಂದಿತು.

ಆಗ ನೆನಪಾಗಿ, ನಾಚುತ್ತಲೇ ಒಂದು ಕರಪತ್ರ ಚಾಚಿದೆ. ದೈತ್ಯ ಅದನ್ನು ದಪ್ಪ ಕೈಗವಸಿನೊಳಗೆ ತುರುಕಿಕೊಂಡ. “ಈ ವೇಷದೊಳಗೆ ಬೆಂದು ಹೋಗ್ತಿದೀವಿ ಕಣಮ್ಮ. ಊಟದ ಹೊತ್ತಿಗೆ ಓದ್ತೀವಿ.”

‘ಓದ್ತೀನಿ’ ಅನ್ನಲಿಲ್ಲ ಆತ, ‘ಓದ್ತೀವಿ’ ಅಂದ. ಈ ರಾತ್ರಿ ನಿದ್ದೆ ಎಲ್ಲಿಂದ ಬಂದೀತು!