ಹೆಸರು ಹೇಳದೆ ಹಾಕಿದ ರೆಕಾರ್ಡು

ಲಂಡನ್, ಮಾರ್ಚ್ ೧೯೬೫

ಎನಿಡ್ ಅಕ್ಕಾ, ಗೆದ್ದೆವು!

ನಮ್ಮ ತಂಡವನ್ನು ‘ತಗಡು ಬಡಿಯೋರು’ ಎಂದು ಆಡಿಕೊಂಡಿದ್ದನಲ್ಲ, ಗಾಯಕ ಡೆಸ್ಮಂಡ್ ಹಾರ್ಕಿನ್? ಸಂಗೀತ ಪತ್ರಿಕೆಯವರು ಯಾರದೆಂದು ಹೇಳದೆ ಅವನಿಗೆ ನಮ್ಮ ಹೊಸ ರೆಕಾರ್ಡು ಕೇಳಿಸಿದರು. ‘ಅಬ್ಬಾ, ಯಾರ್ರೀ ಇವ್ರು? ಆ ಡ್ರಮ್ ಬಾರಿಸೋನ ಕೈಗೆ ಮುತ್ತಿಡ್ಬೇಕು!’ ಎಂದುಬಿಟ್ಟ. ನನ್ನ ಕೈಗೆ! ಹೆಸರು ತಿಳಿದೊಡನೆ, ‘ದಮ್ಮಯ್ಯ, ಅದನ್ನ ಅಚ್ಚು ಹಾಕ್ಬೇಡಿ’ ಎಂದು ಗೋಗರೆದ. ಆ ಗೋಗರೆತವನ್ನೂ ಸೇರಿಸಿ ಅಚ್ಚು ಹಾಕಿದ್ದಾರೆ.

ಕೆಮ್ಮು ಕಡಿಮೆಯಾಗಿದೆ, ಅಮ್ಮನಿಗೆ ತಿಳಿಸು. ರೆಕಾರ್ಡು ಬೇರೆ ಅಂಚೆಯಲ್ಲಿ ಬರುತ್ತದೆ. ಗದ್ದಲವೆಂದು ನನ್ನ ಡ್ರಮ್ಮನ್ನು ಕಲ್ಲಿದ್ದಲಿನ ಕೊಟ್ಟಿಗೆಗೆ ಎಸೆದ ಅಪ್ಪನಿಗೆ ಮಾತ್ರ ಏನೂ ಹೇಳಬೇಡ. ಭಾನುವಾರ ಊಟವಾದ ಮೇಲೆ ಸುಮ್ಮನೆ ರೆಕಾರ್ಡು ಹಾಕು. ಅಪ್ಪನ ಕಾಲು ತಾಳ ಹಾಕತೊಡಗಿದ ಮೇಲೆ ನನ್ನ ಹೆಸರು ಹೇಳು.

ಕ್ಲೈವ್