ಬಾಟಲಿ ಹಿಡಿದು ಹೊರಟವರು

ಹಿಂದವಾಡಿ, ಬೆಳಗಾವಿ

ಹಲಸಿಯ ಅಕ್ಕನಿಗೆ ತಂಗಿ ಭರಮವ್ವನ ಶರಣು.

ಮಗಳ ಮನೆಯಲ್ಲಿ ಆರಾಮವಾಗಿದ್ದೇನೆ. ಇಲ್ಲಿ ನಸುಕಿನಲ್ಲೇ ದೊಡ್ಡ ದೊಡ್ಡ ಬಂಗಲೆಗಳಿಂದ ಗಂಡಸರು, ಹೆಂಗಸರು ನೀರಿನ ಬಾಟಲಿ ಹಿಡಿದು ಲಗುಬಗೆಯಿಂದ ಹೊರಡುತ್ತಾರೆ. ನೋಡಿ ಪಾಪ ಎನಿಸಿತು. "ಮಾಯಾ, ಇಷ್ಟ ದೊಡ್ಡ ಮನಿ ಕಟ್ಯಾರ, ಒಂದ ಸಂಡಾಸ ಕಟ್ಟಸಾಕ ಆಗಲಿಲ್ಲೇನ?" ಎಂದೆ. ಮಗಳು ಬಿದ್ದು ಬಿದ್ದು ನಕ್ಕಳು. "ಯವ್ವಾ, ಅವರು ವಾಕಿಂಗ್ ಹೊಂಟಾರ. ಆ ನೀರು ಕುಡ್ಯಾಕ!"

ವಾಕಿಂಗ್ ಅಂದರೆ ಮೈದಾನದವರೆಗೆ ಕಾರಿನಲ್ಲಿ ಹೋಗಿ, ಅಲ್ಲಿ ಗಾಣದೆತ್ತಿನಂತೆ ಸುತ್ತು ಹಾಕಿ, ಮತ್ತೆ ಕಾರು ಹತ್ತುವುದು. ಒಂದು ಗುಂಪು ಕೈ ಮೇಲೆತ್ತಿ ಸುಮ್ಮಸುಮ್ಮನೆ ಹೋ ಎಂದು ನಗುತ್ತದೆ. ನಗಲಿಕ್ಕೂ ಒಂದು ಸಂಘವಂತೆ!

ನನ್ನ ಮೊಣಕಾಲು, ಬಿಪಿ ನೋಡಿದ ಡಾಕ್ಟರು, "ಜೋಡಿಗೆ ಯಾರನ್ನರ ಕರಕೊಂಡು ದಿನಾ ಮುಂಜಾನೆ ಬಯಲಿಗೆ ಹೋಗ್ರಿ, ಮನಸೂ ಹಗುರಾಕ್ಕೈತಿ" ಎಂದರು. ಇದನ್ನು ಹೇಳಲಿಕ್ಕೂ ಫೀಸು! ಮನೆಯಲ್ಲಿ ಸಂಡಾಸ ಕಟ್ಟಿಸುವ ತನಕ ನಾವಿಬ್ಬರೂ ನೀರಿನ ಚರಗಿ ಹಿಡಿದು ಹಳ್ಳದ ದಂಡೆಗೆ ಹೋಗುತ್ತಿರಲಿಲ್ಲವೇ? ದಾರಿಯುದ್ದಕ್ಕೂ ಸೊಸೆಯರನ್ನು ಬೈದು ಹಗುರಾಗುತ್ತಿದ್ದೆವು. ಸಂಡಾಸ ಬಂದದ್ದು ಒಳ್ಳೆಯದೇ. ಆದರೆ ನಡೆಯುವುದನ್ನೂ, ಮಾತನ್ನೂ ಬಿಟ್ಟು ಇಬ್ಬರೂ ಅವರವರ ಮನೆಯಲ್ಲಿ ಹಿಟ್ಟಿನ ಚೀಲದಂತೆ ಕುಳಿತೆವಲ್ಲ! ಈ ಕಾರ್ಡನ್ನು ಅಂಚೆಯವನು ಓದಿದರೆ ಓದಲಿ, ಅವನ ಹೊಟ್ಟೆಯೇನೂ ಕಮ್ಮಿ ಇಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಶುಕ್ರವಾರ ಖಾನಾಪುರದ ಬಸ್ಸಿಗೆ ಊರಿಗೆ ಬರುತ್ತೇನೆ. ಶನಿವಾರ ನಸುಕಿನಲ್ಲಿ ನಿನ್ನ ಬಾಗಿಲು ಬಡಿಯುತ್ತೇನೆ, ಎದ್ದು ಬಾ. ಚರಗಿ ತರಬೇಡ.