ನಾಲ್ಕು ಚಮಚ ಸಕ್ಕರೆ

ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಅಡುಗೆಮನೆಯ ಮೇಜಿನಿಂದ, ಕಾಲು ಮೇಲೆತ್ತಿಕೊಂಡು

ನನ್ನ ಮುದ್ದಿನ ಅಮ್ಮಾ,

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ಮನೆಯ ಗೋಡೆ ಎಷ್ಟು ತೆಳು ಎಂದರೆ, ನಾನು ಇಲ್ಲಿ ಅತ್ತರೆ ಪಕ್ಕದ ಮನೆಯವರು ಕರ್ಚೀಫು ಹುಡುಕುತ್ತಾರೆ. ಅದಕ್ಕೇ ಪತ್ರ. ಆವತ್ತು ಫೋನಿನಲ್ಲಿ ಭಾನುವಾರದ ಬಸ್ಸಿಗೆ ಬಂದುಬಿಡುತ್ತೇನೆ, ನನ್ನ ಹಾಸಿಗೆ ಹಾಸಿಡು ಎಂದಾಗ ನೀನು ಏನಾಯ್ತೇ ಅಂತ ಗಾಬರಿಯಿಂದ ಕೇಳಿದೆ. ಇರುವೆ ಅಂದೆ. ನೀನು ನಕ್ಕೆ. ಅಮ್ಮಾ, ಪ್ಲೀಸ್, ನಗಬೇಡ!

ಮದುವೆಯಾದ ಎರಡನೇ ವಾರ ಒಂದೇ ಒಂದು ಇರುವೆ ಬಂದಿತ್ತು. ಎಷ್ಟು ಕ್ಯೂಟ್ ಎಂದು ನಿನ್ನ ಅಳಿಯನನ್ನು ಕರೆದು ತೋರಿಸಿದ್ದೆ. ಆ ಕ್ಯೂಟ್ ಇರುವೆ ಹೋಗಿ ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂತು. ಸಕ್ಕರೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟೆ. ಮೊದಲು ಬಂದವು ಮುಳುಗಿ ತೇಲಿದವು, ಹಿಂದೆ ಬಂದವು ಅವುಗಳ ಬೆನ್ನ ಮೇಲೇ ನಡೆದು ದಾಟಿದವು. ಸ್ಪ್ರೇ ಹೊಡೆದೆ, ಒಂದು ಸಾಲು ಇದ್ದದ್ದು ಎರಡಾಯಿತು. ಸೋಪಿನ ನೀರಿನಲ್ಲಿ ಒಂದೊಂದು ಶೆಲ್ಫೂ ಉಜ್ಜಿದೆ. ಇರುವೆಗಳು ಒಂದು ದಿನ ರಜೆ ಹಾಕಿ, ಮರುದಿನ ಆಫೀಸಿಗೆ ಬಂದ ಹಾಗೆ ಅದೇ ಸಮಯಕ್ಕೆ ಹಾಜರ್.

ನಿನ್ನ ಅಳಿಯನೋ! ಗಡಿಯಾರ ರಿಪೇರಿ ಮಾಡುವವನಿಗೆ ಅವಸರ ಎಂದರೇನೆಂದೇ ಗೊತ್ತಿಲ್ಲ. ನಾನು ಒದ್ದೆ ಬಟ್ಟೆ ಹಿಡಿದು ಹಾರಾಡುತ್ತಿದ್ದರೆ, ಅವನು ಕಣ್ಣಿಗೆ ಆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ, ನೋಡೇ, ಏನು ಡಿಸಿಪ್ಲಿನ್ನು, ನಮ್ಮ ಅಂಗಡೀಲಿ ಯಾರಿಗೂ ಇಲ್ಲ ಅಂತಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಡಿಸಿಪ್ಲಿನ್ ಹೋದ ವಾರ ಅವನ ಬುಡಕ್ಕೇ ಬಂತು. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಸಂಜೆ ಇದೇ ಮೇಜಿನ ಮೇಲೆ ಮಾಡುತ್ತಾನೆ. ಹಾಗೆ ಮಾಡಿಕೊಟ್ಟ ಕೈಗಡಿಯಾರವನ್ನು ಒಬ್ಬ ಹೆಡ್‌ಮಿಸ್ಟ್ರೆಸ್ ವಾಪಸು ತಂದರಂತೆ. ಗಾಜಿನೊಳಗೆ ಒಂದು ಇರುವೆ ಸುತ್ತುತ್ತಿತ್ತಂತೆ, ಮುಳ್ಳಿಗಿಂತ ಸ್ಪೀಡಾಗಿ! ಅಂಗಡಿಯ ಯಜಮಾನರು, ಇನ್ನೊಂದು ಸಲ ಹೀಗಾದ್ರೆ ನೀನು ಬರೋದೇ ಬೇಡ ಎಂದರಂತೆ. ಮನೆಗೆ ಬಂದವನು ಮೊಟ್ಟಮೊದಲ ಬಾರಿಗೆ ಗಟ್ಟಿ ದನಿ ತೆಗೆದ. ನಿನ್ನ ಕಿಚನ್ನು ನೀನು ನೋಡ್ಕೋಬಾರ್ದಾ ಅಂದ. ನೀನು ಮೇಜಿನ ಮೇಲೆ ಬಿಸ್ಕತ್ತು ಉದುರಿಸೋದು ಬಿಡಬಾರ್ದಾ ಅಂದೆ. ಆಮೇಲೆ ಎರಡು ದಿನ ಮಾತಿಲ್ಲ ಕತೆಯಿಲ್ಲ. ನಾನು ಬ್ಯಾಗು ತುಂಬಿದೆ.

ಎದುರುಮನೆಯ ನರ್ಸಮ್ಮನ ಹತ್ತಿರ ಹೋಗಿ ಗೋಳೋ ಅಂದೆ. ಅವರು ನನ್ನ ಸ್ಪ್ರೇ ಡಬ್ಬಿ ಕಿತ್ತಿಟ್ಟುಕೊಂಡರು. ಅವು ಹೋಗೋ ಕಡೆ ಹೊಡೀತಿದ್ದೀಯಲ್ಲೇ ದಡ್ಡಿ, ಬರೋ ಕಡೆ ನೋಡು, ಸುಮ್ನೆ ಸಾಲು ಹಿಡ್ಕೊಂಡು ಹೋಗು ಎಂದರು.

ಸೋಮವಾರ ಮಧ್ಯಾಹ್ನ ನಿನ್ನ ಮಗಳು ಅಂಬೆಗಾಲಿಟ್ಟಳು. ಮೇಜಿನ ಕಾಲು, ಒಲೆಯ ಹಿಂಭಾಗ, ಗೋಡೆಯ ಬಿರುಕು, ಅಲ್ಲಿಂದ ಮೇಲೆ ಕಿಟಕಿ. ಕಿಟಕಿಯಲ್ಲಿ ನೀನು ಕಳಿಸಿದ ನೀಲಿ ಕುಂಡ, ನಮ್ಮ ಮನೆಯ ಬಳ್ಳಿಯ ತುಂಡು ನೆಟ್ಟದ್ದು. ಎತ್ತಿ ನೋಡಿದರೆ ಕೆಳಗೊಂದು ಊರೇ ಇತ್ತು, ಮೊಟ್ಟೆ ಮರಿ ಸಮೇತ. ಕುಂಡದ ತಟ್ಟೆಯಲ್ಲಿ ಕಂದು ಬಣ್ಣದ ಅಂಟು. ಮೂಸಿದೆ. ಟೀ!

ನಿನ್ನೆ ಬೆಳಿಗ್ಗೆ ಟೀ ಕೊಟ್ಟು, ಸ್ನಾನಕ್ಕೆ ಹೋಗುವವಳಂತೆ ನಲ್ಲಿ ಬಿಟ್ಟು, ಬಾಗಿಲ ಸಂದಿಯಲ್ಲಿ ನಿಂತೆ. ನಿನ್ನ ಅಳಿಯ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ನುಂಗಿ, ಅತ್ತಿತ್ತ ನೋಡಿ, ಉಳಿದದ್ದನ್ನು ಕುಂಡಕ್ಕೆ ಸುರಿದ. ಬಳ್ಳಿಗೆ ಸಾರಿ ಎಂದೂ ಹೇಳಿದ, ಅಮ್ಮಾ! ನನಗೆ ಹೇಳಲಿಲ್ಲ, ಬಳ್ಳಿಗೆ ಹೇಳಿದ!

ನಾಲ್ಕು ತಿಂಗಳು. ದಿನಾ ಖಾಲಿ ಕಪ್ಪು ಕೈಗಿಟ್ಟು ಸೂಪರ್ ಎನ್ನುತ್ತಿದ್ದ. ಹಿಡಿದು ನಿಲ್ಲಿಸಿ ಕೇಳಿದರೆ, ಮೊದಲನೇ ದಿನ ನೀನು ಅಷ್ಟು ದೊಡ್ಡ ಕಣ್ಣು ಬಿಟ್ಕೊಂಡು ನಿಂತಿದ್ದೆ, ಸೂಪರ್ ಅಂದುಬಿಟ್ಟೆ, ಮಾರನೇ ದಿನದಿಂದ ನೀನು ಸಕ್ಕರೆ ಒಂದೊಂದು ಚಮಚ ಏರಿಸ್ತಾ ನಾಲ್ಕಕ್ಕೆ ತಂದು ನಿಲ್ಲಿಸಿದೆ ಅಂತಾನೆ. ಬಾಯಿ ಇರಲಿಲ್ವಾ ಅಂದೆ. ನಿನ್ನ ಟೀ ಅಂದ್ರೆ ನನಗೆ ಪ್ರಾಣ ಅಂತ ನೀನು ಅಮ್ಮನಿಗೆ ಪತ್ರ ಬರೆದು ನನಗೇ ಓದಿ ಹೇಳಿದೆಯಲ್ಲ, ಆಮೇಲೆ ಎಲ್ಲಿಂದ ಬಾಯಿ ಬರುತ್ತೆ ಅಂದ.

ಅತ್ತುಬಿಟ್ಟೆ. ಕೂಗಾಡಿದೆ. ಇರುವೆಗಿಂತ ನಿನ್ನ ಸೂಪರ್ರೇ ನನಗೆ ಹೆಚ್ಚು ಕಚ್ಚಿದ್ದು ಎಂದೂ ಹೇಳಿದೆ. ಅವನು ಕುಂಡವನ್ನು ಹೊರಗೊಯ್ದು ಮಣ್ಣು ಬದಲಿಸಿದ, ತಟ್ಟೆ ತೊಳೆದ, ತನ್ನ ಪುಟ್ಟ ಚಾಕುವಿನಿಂದ ಬಿರುಕಿಗೆಲ್ಲ ಗೋಡೆ ಪುಟ್ಟಿ ತುಂಬಿದ, ಗಡಿಯಾರ ಬಿಚ್ಚುವಷ್ಟೇ ನಾಜೂಕಾಗಿ. ನಾನು ಇನ್ನೂ ಸಿಟ್ಟಿನಲ್ಲೇ ಮೇಜು ಒರೆಸಿದೆ.

ಇವತ್ತು ಬೆಳಿಗ್ಗೆ ಒಂದು ಕಾಳು ಸಕ್ಕರೆ ಹಾಕದೆ ಟೀ ಮಾಡಿ ಮುಂದೆ ಕುಕ್ಕಿದೆ. ನನ್ನೆದುರೇ ಕೊನೆಯ ತೊಟ್ಟಿನವರೆಗೂ ಕುಡಿದ. ನಾನು ಕಾದೆ. ಚೆನ್ನಾಗಿಲ್ಲ, ಟೀ ಸೊಪ್ಪು ಜಾಸ್ತಿ ಕುದಿಸಿದ್ದೀಯ ಅಂದ. ಕಪ್ಪು ಎತ್ತಿ ತಲೆಗೆ ಕುಕ್ಕೋಣ ಅನ್ನಿಸಿತು. ಆದರೆ ಅಮ್ಮಾ, ಮದುವೆಯಾದ ಮೇಲೆ ನನ್ನ ಟೀ ಬಗ್ಗೆ ಅವನು ಹೇಳಿದ ಮೊದಲ ನಿಜ ಅದು. ನಾಳೆ ಕಡಿಮೆ ಕುದಿಸಿ ನೋಡಬೇಕು. ನಾಡಿದ್ದು ಇನ್ನೊಂದು ಥರ. ಹೀಗಾಗಿ ಭಾನುವಾರ ಬರುವುದಕ್ಕೆ ಪುರುಸೊತ್ತಿಲ್ಲ. ಹಾಸಿಗೆ ಸುತ್ತಿಡು.

ಬೆಳಗಿನಿಂದ ಮೂರೇ ಮೂರು ಇರುವೆ ಕಂಡವು, ಅವೂ ದಾರಿ ತಪ್ಪಿದಂತಿದ್ದವು.

ನಿನ್ನ ತಲೆಕೆಟ್ಟ, ಆದರೂ ಪರವಾಗಿಲ್ಲ ಎನ್ನುವಂತಿರುವ,
ಮಗಳು

ಮರೆತ ಮಾತು: ಬ್ಯಾಗು ಬಿಚ್ಚಿದರೆ ಅದರಲ್ಲೂ ಇರುವೆ. ನಾನು ಬಚ್ಚಿಟ್ಟಿದ್ದ ಬಿಸ್ಕತ್ತು ಪೊಟ್ಟಣಕ್ಕೆ ಬಂದದ್ದು. ಮೇಜಿನ ಮೇಲಿನ ಪುಡಿಯೂ ನನ್ನದೇ. ನಿನ್ನ ಅಳಿಯನಿಗೆ ಹೇಳಬೇಕು, ಇವತ್ತೇ ಹೇಳುತ್ತೇನೆ.

ಇನ್ನೊಂದು. ಟೀಗೆ ಸಕ್ಕರೆ ಹಾಕುವ ಕೈ ನನಗೆ ನಿನ್ನಿಂದಲೇ ಬಂದದ್ದು. ಅಪ್ಪನ ಕುರ್ಚಿಯ ಪಕ್ಕದ ದೊಡ್ಡ ಕುಂಡಕ್ಕೆ ನೀನು ಎಷ್ಟು ವರ್ಷದಿಂದ ಇರುವೆ ಪುಡಿ ಹಾಕುತ್ತಿದ್ದೀಯ? ಅಪ್ಪನನ್ನು ಏನೂ ಕೇಳಬೇಡ. ಟೀ ಕೊಟ್ಟು, ಸ್ನಾನಕ್ಕೆ ಹೋಗುತ್ತೇನೆ ಎಂದು ಹೇಳಿ, ನಲ್ಲಿ ಬಿಡು.